ಡೀಸೆಲ್ ಟ್ರಕ್ ಸ್ಟಾರ್ಟ್ ಆಗದಿದ್ದಾಗ ಸ್ಕ್ಯಾನರ್ ಎಷ್ಟರ ಮಟ್ಟಿಗೆ ನೆರವಾಗುತ್ತದೆ?

ಸೆಲ್ಫ್ ತಿರುಗುತ್ತದೆ, ಆದರೆ ಎಂಜಿನ್ ಹಿಡಿಯುವುದಿಲ್ಲ. ಇಲ್ಲವೇ ಸೆಲ್ಫೇ ಸರಿಯಾಗಿ ತಿರುಗುವುದಿಲ್ಲ. ಡೀಸೆಲ್ ಟ್ರಕ್ಕಿನ ಈ ಎರಡು ತೊಂದರೆಗಳಲ್ಲಿ ಕೈಯಲ್ಲಿ ಹಿಡಿದು ಬಳಸುವ ಹೆವಿ ವೆಹಿಕಲ್ ಸ್ಕ್ಯಾನರ್ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನಾನು ಬಳಸುತ್ತಿರುವುದು ಮಧ್ಯಮ ದರ್ಜೆಯ ಯಂತ್ರ. ಯಾವುದೇ ಒಂದು ಕಂಪನಿಯ ಟ್ರಕ್ಕಿಗೆ ಸೀಮಿತವಲ್ಲದ, ಲ್ಯಾಪ್‌ಟಾಪ್ ಬೇಡದ, ಸ್ವಂತ ಪರದೆಯಿರುವ ಈ ಬಗೆಯ ಸ್ಕ್ಯಾನರ್‌ಗಳು ಹಲವು ಹೆಸರುಗಳಲ್ಲಿ ದೊರೆಯುತ್ತವೆ ಮತ್ತು ಒಳಗಿನ ಕೆಲಸದಲ್ಲಿ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಹೆಸರಿಗಿಂತ ಗುಣಾವಗುಣಗಳನ್ನೇ ಇಲ್ಲಿ ಬಿಡಿಸಿ ಹೇಳಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ: ಯಂತ್ರ ಕೊಳ್ಳಲು ಯೋಗ್ಯವಾಗಿದೆ. ಆದರೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿರುವ, ದೋಷದ ಕೋಡ್ ಓದುವ ಸೌಲಭ್ಯಕ್ಕಾಗಿ ಕೊಳ್ಳಬೇಕಾಗಿಲ್ಲ. ಸೆಲ್ಫ್ ತಿರುಗುತ್ತಿರುವ ಆ ಹತ್ತು ಹದಿನೈದು ಸೆಕೆಂಡುಗಳಲ್ಲಿ ಎಂಜಿನ್ನಿನ ಒಳಗೆ ಏನಾಗುತ್ತಿದೆ ಎಂಬುದನ್ನು ಅಂಕಿಗಳಲ್ಲಿ ತೋರಿಸುವ ಲೈವ್ ಡೇಟಾ ಪುಟಕ್ಕಾಗಿ ಕೊಳ್ಳಬೇಕು. ಅದರ ಜೊತೆಗೆ ಒಂದು ಒಳ್ಳೆಯ ಮಲ್ಟಿಮೀಟರ್ ಮತ್ತು ಒಂದು ತುಂಡು ಪಾರದರ್ಶಕ ಪೈಪ್ ಇಲ್ಲದಿದ್ದರೆ ಸ್ಕ್ಯಾನರ್ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಯಂತ್ರದ ಹೊರರೂಪದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗಟ್ಟಿಯಾದ ರಬ್ಬರ್ ಕವಚ, ಅಂಗೈಗಿಂತ ಸ್ವಲ್ಪ ದೊಡ್ಡ ಪರದೆ, 9 ಪಿನ್ನಿನ ದುಂಡನೆಯ ಕನೆಕ್ಟರ್ ಮತ್ತು 16 ಪಿನ್ನಿನ ಚಪ್ಪಟೆ ಕನೆಕ್ಟರ್ ಎರಡಕ್ಕೂ ಕೇಬಲ್ ಇವೆ. 9 ಪಿನ್ನಿನ ಕೇಬಲ್‌ನ ತುದಿ ಹಸಿರು ಬಣ್ಣದ್ದಾಗಿರುವುದು ಒಳ್ಳೆಯದು. ಹೊಸ ಟ್ರಕ್ಕುಗಳಲ್ಲಿರುವ, ಸೆಕೆಂಡಿಗೆ 500 ಕಿಲೋಬಿಟ್ ವೇಗದ ಮಾಹಿತಿ ಜಾಲದ ಹಸಿರು ಸಾಕೆಟ್ಟಿಗೆ ಹಳೆಯ ಕಪ್ಪು ಕನೆಕ್ಟರ್ ಕೂರುವುದಿಲ್ಲ. ಹಸಿರು ಕನೆಕ್ಟರ್ ಎರಡು ಬಗೆಯ ಸಾಕೆಟ್ಟಿಗೂ ಕೂರುತ್ತದೆ. ಕೊಳ್ಳುವಾಗ ತಪ್ಪದೆ ನೋಡಬೇಕಾದ ಇನ್ನೊಂದು ಅಂಶವೆಂದರೆ ಯಂತ್ರವು 12 ಮತ್ತು 24 ವೋಲ್ಟ್ ಎರಡನ್ನೂ ತಡೆದುಕೊಳ್ಳುತ್ತದೆಯೇ ಎಂಬುದು. ಕಾರುಗಳಿಗೆಂದೇ ತಯಾರಾದ, 12 ವೋಲ್ಟಿಗೆ ಸೀಮಿತವಾದ ಸ್ಕ್ಯಾನರನ್ನು ಅಡಾಪ್ಟರ್ ಹಾಕಿ 24 ವೋಲ್ಟಿನ ಟ್ರಕ್ಕಿಗೆ ಜೋಡಿಸಿದರೆ ಅದು ಸುಟ್ಟುಹೋಗುವ ಸಾಧ್ಯತೆ ಇದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸ್ಕ್ಯಾನರ್‌ನೊಳಗೆ ಅದರದೇ ಆದ ಬ್ಯಾಟರಿ ಇರುವುದು. ಸ್ಟಾರ್ಟ್ ಆಗದ ಟ್ರಕ್ಕಿನಲ್ಲಿ ಬ್ಯಾಟರಿ ಮೊದಲೇ ಇಳಿದಿರುತ್ತದೆ. ಕೀಲಿ ತಿರುಗಿಸಿ ಸೆಲ್ಫ್ ಹೊಡೆದ ಕ್ಷಣ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ವಾಹನದ ಕರೆಂಟಿನಿಂದಲೇ ನಡೆಯುವ ಅಗ್ಗದ ಸ್ಕ್ಯಾನರ್‌ಗಳು ಆಗ ಆರಿಹೋಗಿ, ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಅಂದರೆ ನಮಗೆ ಮಾಹಿತಿ ಬೇಕಾದ ಹೊತ್ತಿನಲ್ಲೇ ಪರದೆ ಕಪ್ಪಾಗಿರುತ್ತದೆ. ಈ ಯಂತ್ರದಲ್ಲಿ ಆ ತೊಂದರೆ ಇಲ್ಲ. ಸ್ಟಾರ್ಟಿಂಗ್ ಸಮಸ್ಯೆಗೆಂದೇ ಸ್ಕ್ಯಾನರ್ ಹುಡುಕುವವರು ಬೇರೆ ಯಾವ ಸೌಲಭ್ಯಕ್ಕಿಂತಲೂ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಯಾವ ಅಂಕಿಗಳನ್ನು ನೋಡಬೇಕೆಂಬುದು ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು ಹದಿನೇಳು ಪಟ್ಟು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಕ್ಕೆ ನಾಝಲ್ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಡೀಸೆಲ್ ಸಾಕಷ್ಟು ಒತ್ತಡದಲ್ಲಿ ಬರಬೇಕು, ಸರಿಯಾದ ಕ್ಷಣದಲ್ಲಿ ಬರಬೇಕು, ಕಂಪ್ರೆಷನ್ ಚೆನ್ನಾಗಿರಬೇಕು. ಮೊದಲ ಮೂರನ್ನು ಸ್ಕ್ಯಾನರ್ ನೇರವಾಗಿ ತೋರಿಸುತ್ತದೆ, ನಾಲ್ಕನೆಯದನ್ನು ತೋರಿಸುವುದಿಲ್ಲ. ಆದ್ದರಿಂದ ನಾನು ಲೈವ್ ಡೇಟಾದಲ್ಲಿ ಬೇರೆಲ್ಲವನ್ನೂ ತೆಗೆದುಹಾಕಿ ಎಂಜಿನ್ ಆರ್‌ಪಿಎಂ, ಬ್ಯಾಟರಿ ವೋಲ್ಟೇಜ್, ರೇಲಿನ (ಹೈ ಪ್ರೆಶರ್ ಪಂಪಿನಿಂದ ಬಂದ ಡೀಸೆಲನ್ನು, ಅದನ್ನು ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಹಂಚುವ ಕೊಳವೆಯ) ನಿಜವಾದ ಒತ್ತಡ, ಎಂಜಿನ್ ಕಂಪ್ಯೂಟರ್ ಕೇಳುತ್ತಿರುವ ಒತ್ತಡ, ಕೂಲಂಟ್ ಉಷ್ಣತೆ, ಮತ್ತು ಸಿಗುವುದಾದರೆ ಕ್ರ್ಯಾಂಕ್–ಕ್ಯಾಮ್ ಹೊಂದಾಣಿಕೆಯ (ಡೀಸೆಲ್ ಬಿಡುವ ಕ್ಷಣವನ್ನು ತಿಳಿಸುವ ಎರಡು ಶಾಫ್ಟ್‌ಗಳ ಸಿಗ್ನಲ್‌ಗಳು ಹೊಂದಿಕೊಂಡಿವೆಯೇ ಎಂಬ) ಸ್ಥಿತಿ, ಇಷ್ಟನ್ನೇ ಇಟ್ಟುಕೊಳ್ಳುತ್ತೇನೆ. ಹೀಗೆ ಸಾಲುಗಳನ್ನು ಕಡಿಮೆ ಮಾಡುವುದರಿಂದ ಮತ್ತೊಂದು ಲಾಭವೂ ಇದೆ: ಒಂದೇ ಪುಟದಲ್ಲಿ ಇಪ್ಪತ್ತು ಸಾಲುಗಳನ್ನು ತೆರೆದಾಗ ಈ ಯಂತ್ರ ಪ್ರತಿ ಅಂಕಿಯನ್ನು ಹೊಸದಾಗಿಸಲು ಎರಡು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ, ಐದಾರು ಸಾಲುಗಳಿದ್ದರೆ ಬೇಗ ಬೇಗ ತೋರಿಸುತ್ತದೆ. ಸೆಲ್ಫ್ ತಿರುಗುವ ಸ್ವಲ್ಪ ಹೊತ್ತಿನ ಪರೀಕ್ಷೆಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಮೊದಲು ಆರ್‌ಪಿಎಂ. ಆರೋಗ್ಯವಾಗಿರುವ ಟ್ರಕ್ ಎಂಜಿನ್ ಸೆಲ್ಫಿನಲ್ಲಿ ಸಾಮಾನ್ಯವಾಗಿ 150ರಿಂದ 250ರ ನಡುವೆ ತಿರುಗುತ್ತದೆ. ಅದಕ್ಕಿಂತ ಬಹಳ ಕೆಳಗಿದ್ದರೆ ಗಾಳಿ ಸಾಕಷ್ಟು ಕಾಯುವುದಿಲ್ಲ, ಹೈ ಪ್ರೆಶರ್ ಪಂಪ್ ಕೂಡ ಒತ್ತಡ ಕಟ್ಟಲಾರದು. ಆಗ ಡೀಸೆಲ್ ಲೈನಿಗೆ ಕೈ ಹಾಕುವುದರಲ್ಲಿ ಅರ್ಥವಿಲ್ಲ. ಎಂಜಿನ್ ತಿರುಗುವ ಸದ್ದು ಚೆನ್ನಾಗಿಯೇ ಕೇಳುತ್ತಿದ್ದು ಪರದೆಯಲ್ಲಿ ಮಾತ್ರ ಸೊನ್ನೆ ಕಾಣುತ್ತಿದ್ದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಬರುತ್ತಿಲ್ಲವೆಂದು ತಿಳಿಯಬೇಕು. ಈ ಒಂದು ತಿಳಿವಳಿಕೆಗೇ ಸ್ಕ್ಯಾನರ್ ಅರ್ಧ ದಿನದ ಹುಡುಕಾಟವನ್ನು ಉಳಿಸಬಲ್ಲದು, ಏಕೆಂದರೆ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳುತ್ತಿರುತ್ತದೆ.

ಆದರೆ ಆರ್‌ಪಿಎಂ ಕಡಿಮೆ ಇರುವಾಗ ಅದರ ಕಾರಣವನ್ನು ಹುಡುಕುವಲ್ಲಿ ಸ್ಕ್ಯಾನರ್ ದಾರಿ ತಪ್ಪಿಸಬಹುದು. ಒಂದು ಟ್ರಕ್ಕಿನಲ್ಲಿ ಪರದೆಯ ಮೇಲೆ ಆರ್‌ಪಿಎಂ 110ರ ಆಸುಪಾಸಿನಲ್ಲಿತ್ತು, ವೋಲ್ಟೇಜ್ ಮಾತ್ರ 22.8ರಿಂದ ಕೆಳಗಿಳಿಯಲಿಲ್ಲ. ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 24 ವೋಲ್ಟಿನ ವ್ಯವಸ್ಥೆಯಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿಗಳು ಸುಮ್ಮನಿರುವಾಗ ಸುಮಾರು 25.2 ವೋಲ್ಟ್ ತೋರಿಸುತ್ತವೆ, ಸೆಲ್ಫ್ ತಿರುಗುವಾಗ 19ರಿಂದ 20ರ ಕೆಳಗೆ ಹೋಗಬಾರದು. ಆ ಲೆಕ್ಕದಲ್ಲಿ 22.8 ಬಹಳ ಒಳ್ಳೆಯ ಅಂಕಿ. ಸೆಲ್ಫ್ ಮೋಟರನ್ನೇ ಬಿಚ್ಚಲು ಹೇಳುವ ಅಂಕಿ. ಆದರೆ ಸ್ಕ್ಯಾನರ್ ತೋರಿಸುವುದು ಎಂಜಿನ್ ಕಂಪ್ಯೂಟರಿಗೆ ತಲುಪುತ್ತಿರುವ ವೋಲ್ಟೇಜನ್ನು, ಸೆಲ್ಫಿಗೆ ತಲುಪುತ್ತಿರುವುದನ್ನಲ್ಲ. ದಾರಿಯಲ್ಲಿ ಎಲ್ಲೋ ತಡೆ ಇದ್ದರೆ ಸೆಲ್ಫ್ ಎಳೆಯುವ ಕರೆಂಟೇ ಕಡಿಮೆಯಾಗುತ್ತದೆ, ಕರೆಂಟ್ ಕಡಿಮೆಯಾದ್ದರಿಂದ ಬ್ಯಾಟರಿಯ ಮೇಲಿನ ವೋಲ್ಟೇಜ್ ಕುಸಿಯುವುದಿಲ್ಲ. ಅಂದರೆ ಇಲ್ಲಿ ಒಳ್ಳೆಯ ಅಂಕಿಯೇ ದೋಷದ ಗುರುತು.

ಇದನ್ನು ಬಿಡಿಸಿದ್ದು ಮಲ್ಟಿಮೀಟರ್. ಅದರ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆಯೂ ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಮೇಲೆಯೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಅಲ್ಲಿ 1.8 ವೋಲ್ಟ್ ಕಾಣಿಸಿತು. ಅರ್ಥ್ ಕೇಬಲ್ ಚಾಸಿಗೆ ಸೇರುವ ಜಾಗದಲ್ಲಿ ಬೋಲ್ಟ್ ಬಿಗಿಯಾಗಿತ್ತು, ಮೇಲಿನ ಬಣ್ಣವೂ ಸರಿಯಾಗಿಯೇ ಇತ್ತು. ಬೋಲ್ಟ್ ಬಿಚ್ಚಿ ಕೇಬಲ್‌ನ ತಾಮ್ರದ ಲಗ್ಗನ್ನು ಎತ್ತಿದಾಗ ಅದರ ಅಡಿಯಲ್ಲಿ ಕಂದು ಬಣ್ಣದ ತುಕ್ಕಿನ ಪುಡಿ ತೆಳುವಾಗಿ ಹರಡಿತ್ತು. ಲೋಹ ಲೋಹಕ್ಕೆ ತಾಗುತ್ತಿದ್ದುದು ಬೋಲ್ಟಿನ ಸುತ್ತಲಿನ ಒಂದು ಸಣ್ಣ ಉಂಗುರದಷ್ಟು ಜಾಗದಲ್ಲಿ ಮಾತ್ರ. ಆರುನೂರು ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ಸಾವಿರ ಭಾಗಗಳಲ್ಲಿ ಮೂರು ಭಾಗದಷ್ಟು ತಡೆ ಇದ್ದರೂ 1.8 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಎರಡೂ ಮುಖಗಳನ್ನು ಮರಳು ಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ ಮತ್ತೆ ಬಿಗಿದ ಮೇಲೆ ಅದೇ ಸ್ಕ್ಯಾನರಿನಲ್ಲಿ ಆರ್‌ಪಿಎಂ 190ರ ಹತ್ತಿರ ಕಂಡಿತು, ವೋಲ್ಟೇಜ್ ಮಾತ್ರ ಮೊದಲಿಗಿಂತ ಕೆಳಗಿಳಿಯಿತು. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕೆಂಬ ಮಾತು ಸ್ಕ್ಯಾನರಿನ ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲದಿರುವುದು ದೊಡ್ಡ ಕೊರತೆಯೆಂದೇ ನಾನು ಭಾವಿಸುತ್ತೇನೆ.

ಆರ್‌ಪಿಎಂ ಸರಿಯಿದ್ದು ಎಂಜಿನ್ ಹಿಡಿಯದಿದ್ದಾಗ ರೇಲಿನ ಒತ್ತಡದತ್ತ ತಿರುಗಬೇಕು. ಸ್ಕ್ಯಾನರ್ ತನ್ನ ಬೆಲೆಯನ್ನು ನಿಜವಾಗಿ ಸಾರ್ಥಕಗೊಳಿಸುವುದು ಈ ಹಂತದಲ್ಲಿ. ಕಾಮನ್ ರೇಲ್ ಎಂಜಿನ್ನಿನಲ್ಲಿ ಒತ್ತಡ ಒಂದು ಗಡಿಯನ್ನು ದಾಟುವವರೆಗೆ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ತೆರೆಯುವುದೇ ಇಲ್ಲ. ಬಹಳಷ್ಟು ಎಂಜಿನ್ನುಗಳಲ್ಲಿ ಆ ಗಡಿ 150ರಿಂದ 250 ಬಾರ್ ನಡುವೆ ಇರುತ್ತದೆ. ಖಚಿತವಾದ ಅಂಕಿಗೆ ಆಯಾ ಎಂಜಿನ್ನಿನ ಕೈಪಿಡಿಯನ್ನೇ ನೋಡಬೇಕು. ಪೂರ್ತಿ ಭಾರದಲ್ಲಿ ಓಡುವಾಗ ಇದೇ ರೇಲಿನಲ್ಲಿ 1,600 ಬಾರ್‌ಗೂ ಹೆಚ್ಚಿನ ಒತ್ತಡ ಇರುವುದರಿಂದ 200 ಬಾರ್ ದೊಡ್ಡದೇನಲ್ಲ ಎನಿಸಬಹುದು, ಆದರೆ ಸೆಲ್ಫಿನ ನಿಧಾನ ಗತಿಯಲ್ಲಿ ಅಷ್ಟನ್ನು ಕಟ್ಟಲು ಪಂಪಿಗೆ ಒಂದು ಹನಿಯೂ ವ್ಯರ್ಥವಾಗಬಾರದು. ಈ ಸ್ಕ್ಯಾನರ್ ಕೇಳಿದ ಒತ್ತಡ ಮತ್ತು ಬಂದ ಒತ್ತಡ ಎರಡನ್ನೂ ಒಂದೇ ಗ್ರಾಫಿನಲ್ಲಿ ಎರಡು ಬಣ್ಣದ ಗೆರೆಗಳಾಗಿ ತೋರಿಸುತ್ತದೆ. ನನಗೆ ಈ ಯಂತ್ರದಲ್ಲಿ ಅತ್ಯಂತ ಮೆಚ್ಚುಗೆಯಾದ ಸೌಲಭ್ಯ ಇದು. ಬಂದ ಒತ್ತಡದ ಗೆರೆ ಏಳುವ ರೀತಿಯೇ ಬಹಳಷ್ಟನ್ನು ಹೇಳುತ್ತದೆ: ಮೇಲಕ್ಕೇಳದೆ ನೆಲದಲ್ಲೇ ಉಳಿದರೆ ಡೀಸೆಲ್ ಪಂಪಿಗೆ ತಲುಪುತ್ತಿಲ್ಲ, ಅಥವಾ ಪಂಪಿಗೆ ಡೀಸೆಲನ್ನು ಅಳೆದು ಬಿಡುವ ವಾಲ್ವ್ ತೆರೆಯುತ್ತಿಲ್ಲ; ಸ್ವಲ್ಪ ಎದ್ದು ಅಲ್ಲೇ ಓಲಾಡುತ್ತಿದ್ದರೆ ಗಾಳಿ ಸೇರಿದೆ, ಇಲ್ಲವೇ ಕಟ್ಟಿದ ಒತ್ತಡ ಎಲ್ಲಿಂದಲೋ ಸೋರಿಹೋಗುತ್ತಿದೆ.

ಅಂಥ ಓಲಾಟವನ್ನು ಕಂಡ ಒಂದು ಟ್ರಕ್ಕಿನ ವಿಷಯವನ್ನು ಇಲ್ಲಿ ಹೇಳಬೇಕು. ಗೆರೆ ಅರವತ್ತು ಬಾರ್‌ಗೆ ಏರಿ, ತೊಂಬತ್ತಕ್ಕೆ ಹೋಗಿ, ಮತ್ತೆ ಎಪ್ಪತ್ತಕ್ಕೆ ಬೀಳುತ್ತಿತ್ತು. ಕೋಡ್ ಪುಟದಲ್ಲಿ ಏನೂ ಇರಲಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗ ಡೀಸೆಲನ್ನು ಎಳೆದುಕೊಳ್ಳುವ ಭಾಗ. ಅಲ್ಲಿ ಸಂದು ಬಿಟ್ಟರೆ ಎಂಜಿನ್ ತಿರುಗುವಾಗ ಡೀಸೆಲ್ ಹೊರಕ್ಕೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ಆದ್ದರಿಂದ ಹೊರಗೆ ಒದ್ದೆ ಕಾಣದಿದ್ದರೂ ಸೋರಿಕೆ ಇರಬಹುದು. ಫಿಲ್ಟರಿನಿಂದ ಹೈ ಪ್ರೆಶರ್ ಪಂಪಿಗೆ ಹೋಗುವ ಕಡಿಮೆ ಒತ್ತಡದ ಪೈಪಿನ ಜಾಗದಲ್ಲಿ, ಆ ಒತ್ತಡವನ್ನು ತಡೆಯಬಲ್ಲ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡಿದಾಗ ಹಳದಿ ಡೀಸೆಲಿನೊಳಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲುಗಟ್ಟಿ ಸಾಗುತ್ತಿದ್ದವು. ನೀರು ಬೇರ್ಪಡಿಸುವ ಫಿಲ್ಟರಿನ ಬಟ್ಟಲಿಗೆ ಹಾಕಿದ್ದ ಓ ರಿಂಗ್ ಒಂದು ಕಡೆ ಚಪ್ಪಟೆಯಾಗಿ ಗಡುಸಾಗಿತ್ತು, ಉಗುರಿನಿಂದ ಒತ್ತಿದರೆ ಮತ್ತೆ ಉಬ್ಬುತ್ತಿರಲಿಲ್ಲ. ಹೊಸ ರಿಂಗಿಗೆ ಡೀಸೆಲ್ ಸವರಿ ಕೂರಿಸಿ, ಹ್ಯಾಂಡ್ ಪಂಪನ್ನು ಕೈಗೆ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆದ ಮೇಲೆ ಗೆರೆ ಓಲಾಡದೆ ನೇರವಾಗಿ 300ರತ್ತ ಏರಿತು, ಎಂಜಿನ್ ಹಿಡಿಯಿತು. ಇಲ್ಲಿ ಗಾಳಿ ಸೇರಿದೆ ಎಂದು ಸ್ಕ್ಯಾನರ್ ಹೇಳಲಿಲ್ಲ. ಹೇಳುವ ಶಕ್ತಿ ಅದಕ್ಕಿಲ್ಲ. ಆದರೆ ಎಲ್ಲಿ ನೋಡಬೇಕೆಂಬುದನ್ನು ಅದು ಖಚಿತವಾಗಿ ತೋರಿಸಿತು, ಪಂಪನ್ನೋ ಇಂಜೆಕ್ಟರ್‌ಗಳನ್ನೋ ಬಿಚ್ಚುವ ಖರ್ಚನ್ನು ತಪ್ಪಿಸಿತು.

ಗುಳ್ಳೆಗಳಿಲ್ಲದೆಯೂ ಒತ್ತಡ ಏರದಿದ್ದರೆ ಇಂಜೆಕ್ಟರ್‌ಗಳಿಂದ ಟ್ಯಾಂಕಿಗೆ ಹಿಂದಿರುಗುವ ರಿಟರ್ನ್ ಡೀಸೆಲನ್ನು ಪ್ರತ್ಯೇಕ ಬಾಟಲಿಗಳಲ್ಲಿ ಹಿಡಿದು ಹೋಲಿಸಬೇಕು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ರೇಲಿನ ತುದಿಯಲ್ಲಿರುವ ಪ್ರೆಶರ್ ರಿಲೀಫ್ ವಾಲ್ವಿನ ರಿಟರ್ನ್ ಪೈಪಿನಲ್ಲಿ ಸೆಲ್ಫ್ ತಿರುಗುವಾಗ ಡೀಸೆಲ್ ಬರಲೇಬಾರದು. ಬಂದರೆ ವಾಲ್ವ್ ಸರಿಯಾಗಿ ಮುಚ್ಚಿಕೊಂಡಿಲ್ಲ. ಈ ಪರೀಕ್ಷೆಗಳಲ್ಲಿ ಸ್ಕ್ಯಾನರಿನ ಪಾತ್ರ ಒತ್ತಡವನ್ನು ತೋರಿಸುವುದಷ್ಟೇ. ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಲೇಬೇಕು: ಹಳೆಯ ಎಂಜಿನ್ನುಗಳಲ್ಲಿ ನಾಝಲ್ ಪೈಪಿನ ನಟ್ಟನ್ನು ಸಡಿಲಿಸಿ ಸೆಲ್ಫ್ ಹೊಡೆದು ಡೀಸೆಲ್ ಬರುತ್ತಿದೆಯೇ ಎಂದು ನೋಡುವ ಪದ್ಧತಿಯನ್ನು ಕಾಮನ್ ರೇಲ್ ಎಂಜಿನ್ನಿನಲ್ಲಿ ಎಂದಿಗೂ ಅನುಸರಿಸಬಾರದು. ನೂರಾರು ಬಾರ್ ಒತ್ತಡದ ಡೀಸೆಲ್ ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯಾಗಿ ಬಂದರೂ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ಒತ್ತಡವನ್ನು ಪರದೆಯ ಮೇಲೆ ನೋಡಬಹುದೆಂಬ ಒಂದೇ ಕಾರಣಕ್ಕೆ ಈ ಅಪಾಯಕಾರಿ ಪದ್ಧತಿ ಬೇಡವಾಗುತ್ತದೆ. ಸ್ಕ್ಯಾನರ್ ಕೊಳ್ಳಲು ಇದಕ್ಕಿಂತ ಬಲವಾದ ಕಾರಣ ನನಗೆ ತಿಳಿದಿಲ್ಲ.

ಒತ್ತಡದ ಅಂಕಿ ಯಾವ ಅಳತೆಯಲ್ಲಿದೆ ಎಂಬುದನ್ನೂ ಗಮನಿಸಬೇಕು. ಈ ಯಂತ್ರ ಕೆಲವು ಟ್ರಕ್ಕುಗಳಲ್ಲಿ ಬಾರ್ ಎಂದೂ ಕೆಲವು ಟ್ರಕ್ಕುಗಳಲ್ಲಿ ಮೆಗಾಪಾಸ್ಕಲ್ ಎಂದೂ ತೋರಿಸುತ್ತದೆ. 250 ಬಾರ್ ಎಂದರೆ 25 ಮೆಗಾಪಾಸ್ಕಲ್; ಪಿಎಸ್ಐ ಲೆಕ್ಕದಲ್ಲಿ ಅದೇ 3,600ಕ್ಕೆ ಸ್ವಲ್ಪ ಹೆಚ್ಚು. ಎಲ್ಲ ವಾಹನಗಳಿಗೂ ಒಂದೇ ಅಳತೆಯನ್ನು ಆರಿಸಿಕೊಳ್ಳುವ ಅವಕಾಶ ಸೆಟ್ಟಿಂಗ್‌ನಲ್ಲಿ ಇರಬೇಕಿತ್ತು.

ಇನ್ನು ಕೋಡ್‌ಗಳ ವಿಷಯ. ಟ್ರಕ್ಕುಗಳಲ್ಲಿ ಬಳಕೆಯಲ್ಲಿರುವ ಜೆ1939 ಪದ್ಧತಿಯಲ್ಲಿ ಪ್ರತಿ ದೋಷಕ್ಕೂ ಎರಡು ಸಂಖ್ಯೆಗಳಿರುತ್ತವೆ: ಯಾವ ಭಾಗ ಎಂಬುದನ್ನು ಎಸ್‌ಪಿಎನ್ ಹೇಳುತ್ತದೆ, ಯಾವ ಬಗೆಯ ದೋಷ ಎಂಬುದನ್ನು ಎಫ್‌ಎಂಐ ಹೇಳುತ್ತದೆ. ಎಸ್‌ಪಿಎನ್ 157 ಎಂದರೆ ರೇಲಿನ ಒತ್ತಡ, 190 ಎಂದರೆ ಎಂಜಿನ್ ವೇಗ, 94 ಎಂದರೆ ಪಂಪಿಗೆ ಬರುವ ಡೀಸೆಲಿನ ಒತ್ತಡ, 168 ಎಂದರೆ ಬ್ಯಾಟರಿ ವೋಲ್ಟೇಜ್. ಅನೇಕರು ಎಸ್‌ಪಿಎನ್ ಓದಿ ನಿಲ್ಲಿಸಿ, ಆ ಭಾಗವನ್ನೇ ಬದಲಾಯಿಸಿಬಿಡುತ್ತಾರೆ. ನಿಜವಾದ ಸುಳಿವು ಇರುವುದು ಎಫ್‌ಎಂಐನಲ್ಲಿ. 157ರ ಜೊತೆ ಎಫ್‌ಎಂಐ 3 ಅಥವಾ 4 ಬಂದರೆ ಅದು ವೋಲ್ಟೇಜ್ ಮಿತಿಗಿಂತ ಮೇಲೆ ಅಥವಾ ಕೆಳಗೆ ಹೋಗಿರುವ ವಿಷಯ, ಅಂದರೆ ವೈರಿಂಗ್ ಅಥವಾ ಸೆನ್ಸರ್ ನೋಡಬೇಕು. ಅದೇ 157ರ ಜೊತೆ 1 ಅಥವಾ 18 ಬಂದರೆ ಸೆನ್ಸರ್ ನಿಜವನ್ನೇ ಹೇಳುತ್ತಿರುವ ಸಂಭವ ಹೆಚ್ಚು. ಒತ್ತಡವೇ ಕಡಿಮೆ ಇದೆ, ಡೀಸೆಲ್ ದಾರಿಯನ್ನು ಹುಡುಕಬೇಕು. ಈ ಯಂತ್ರದ ಅತಿ ದೊಡ್ಡ ದೋಷ ಇಲ್ಲಿದೆ. ಅದು ಎಸ್‌ಪಿಎನ್‌ನ ವಿವರಣೆಯನ್ನು ದಪ್ಪ ಅಕ್ಷರಗಳಲ್ಲಿ ತೋರಿಸಿ ಎಫ್‌ಎಂಐಯನ್ನು ಮೂಲೆಯಲ್ಲಿ ಸಣ್ಣ ಅಂಕಿಯಾಗಿ ಇಟ್ಟಿದೆ. ಎರಡು ಭಿನ್ನ ದೋಷಗಳಿಗೂ ಕೆಳಗೆ ಸೆನ್ಸರ್ ಪರೀಕ್ಷಿಸಿ ಎಂಬ ಒಂದೇ ಸಲಹೆಯನ್ನು ಕೊಡುತ್ತದೆ. ಅನುಭವವಿಲ್ಲದವರ ಕೈಯಲ್ಲಿ ಈ ಒಂದು ಸಾಲು ಚೆನ್ನಾಗಿರುವ ಸೆನ್ಸರ್‌ಗಳನ್ನು ಎಷ್ಟೋ ಸಲ ಕಸಕ್ಕೆ ಹಾಕಿಸುತ್ತದೆ. ಕೋಡ್ ಅಳಿಸುವ ಗುಂಡಿಯನ್ನು ಓದುವ ಗುಂಡಿಯ ಪಕ್ಕದಲ್ಲೇ ಇಟ್ಟಿರುವುದೂ ಸರಿಯಲ್ಲ. ಕೋಡ್ ಜೊತೆಗೆ ಉಳಿದಿರುವ, ದೋಷ ಬಂದ ಕ್ಷಣದ ಅಂಕಿಗಳೂ ಅದರೊಂದಿಗೆ ಅಳಿಸಿಹೋಗುತ್ತವೆ. ಮೊದಲು ಎಲ್ಲವನ್ನೂ ಬರೆದಿಟ್ಟುಕೊಂಡು ಅಥವಾ ಪರದೆಯ ಫೋಟೊ ತೆಗೆದು ಅನಂತರವೇ ಮುಂದುವರಿಯಬೇಕು.

ಕೂಲಂಟ್ ಉಷ್ಣತೆಯನ್ನು ಸಾಲಿನಲ್ಲಿ ಇಟ್ಟುಕೊಳ್ಳಲು ಹೇಳಿದ್ದಕ್ಕೆ ಕಾರಣವಿದೆ. ರಾತ್ರಿಯೆಲ್ಲಾ ನಿಂತಿದ್ದ ಎಂಜಿನ್ನಿನಲ್ಲಿ ಕೂಲಂಟ್, ಒಳಬರುವ ಗಾಳಿ, ಡೀಸೆಲ್ ಇವೆಲ್ಲವೂ ಹೆಚ್ಚು ಕಡಿಮೆ ಒಂದೇ ಉಷ್ಣತೆಯನ್ನು ತೋರಿಸಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಕೂಲಂಟ್ ಮಾತ್ರ 80 ಡಿಗ್ರಿ ಎಂದು ತೋರಿಸಿದರೆ ಎಂಜಿನ್ ಬಿಸಿಯಾಗಿಯೇ ಇದೆಯೆಂದು ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಆಗ ಅದು ಒಳಬರುವ ಗಾಳಿಯನ್ನು ಕಾಯಿಸುವ ಹೀಟರಿಗೆ ಕರೆಂಟ್ ಕೊಡುವುದಿಲ್ಲ, ಚಳಿಯಲ್ಲಿ ಬೇಕಾದಷ್ಟು ಡೀಸೆಲನ್ನೂ ಬಿಡುವುದಿಲ್ಲ. ಇಂಥ ದೋಷಕ್ಕೆ ಕೋಡ್ ಬರದೇ ಇರಬಹುದು, ಏಕೆಂದರೆ ಆ ಅಂಕಿ ತನ್ನಷ್ಟಕ್ಕೆ ಅಸಾಧ್ಯವಾದದ್ದಲ್ಲ.

ಸ್ಕ್ಯಾನರ್ ಟ್ರಕ್ಕಿನ ಕಂಪ್ಯೂಟರಿನೊಂದಿಗೆ ಮಾತನಾಡಲೇ ಒಪ್ಪದಿದ್ದರೆ ಬಹಳ ಜನ ಸ್ಕ್ಯಾನರನ್ನು ಬೈದು ಎತ್ತಿಡುತ್ತಾರೆ. ಅದು ತಪ್ಪು, ಸಂಪರ್ಕ ಸಿಗದಿರುವುದೂ ಒಂದು ಸಾಕ್ಷ್ಯ. ಕಂಪ್ಯೂಟರಿಗೆ ಕರೆಂಟ್ ಇಲ್ಲದಿದ್ದರೆ ಅದು ಸ್ಕ್ಯಾನರಿಗೂ ಉತ್ತರಿಸುವುದಿಲ್ಲ, ಇಂಜೆಕ್ಟರ್‌ಗಳನ್ನೂ ತೆರೆಯುವುದಿಲ್ಲ. 9 ಪಿನ್ನಿನ ಸಾಕೆಟ್ಟಿನಲ್ಲಿ ಎ ಎಂಬ ಪಿನ್ ಅರ್ಥ್, ಬಿ ಬ್ಯಾಟರಿಯ ಪ್ಲಸ್, ಸಿ ಮತ್ತು ಡಿ ಮಾಹಿತಿಯ ಎರಡು ತಂತಿಗಳು. ಎ ಮತ್ತು ಬಿ ನಡುವೆ ಬ್ಯಾಟರಿಯ ವೋಲ್ಟೇಜ್ ಸಿಗಬೇಕು. ಕೀಲಿ ತೆಗೆದು, ಬ್ಯಾಟರಿ ಸಂಪರ್ಕ ಕಡಿದು, ಸಿ ಮತ್ತು ಡಿ ನಡುವೆ ತಡೆಯನ್ನು ಅಳೆದರೆ ಸುಮಾರು 60 ಓಮ್ ಬರಬೇಕು, ಏಕೆಂದರೆ ಜಾಲದ ಎರಡು ತುದಿಗಳಲ್ಲಿ ತಲಾ 120 ಓಮ್‌ನ ರೆಸಿಸ್ಟರ್‌ಗಳಿವೆ. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ಬ್ಯಾಟರಿಯ ಪಕ್ಕದ ಫ್ಯೂಸ್ ಪೆಟ್ಟಿಗೆಯಲ್ಲಿ ಕಂಪ್ಯೂಟರಿನ ಫ್ಯೂಸ್ ಸುಟ್ಟಿದೆಯೇ, ಅದರ ಕಾಲುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ಮೇನ್ ರಿಲೇ ಕೂರುವ ಸದ್ದು ಬರುತ್ತಿದೆಯೇ ಎಂದು ನೋಡುವುದು ಇಲ್ಲಿನ ಮುಂದಿನ ಕೆಲಸ.

ಸ್ಕ್ಯಾನರಿಗೆ ಗೊತ್ತೇ ಆಗದ ಸಂಗತಿಗಳೂ ಇವೆ, ಅವನ್ನು ತಿಳಿಯದೆ ಕೊಂಡವರು ನಿರಾಶರಾಗುತ್ತಾರೆ. ಸೈಲೆನ್ಸರಿನ ಹೊಗೆ ಅವುಗಳಲ್ಲಿ ಮೊದಲನೆಯದು. ಸೆಲ್ಫ್ ತಿರುಗುವಾಗ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಈ ಒಂದು ನೋಟ ಹುಡುಕಾಟವನ್ನು ಎರಡು ಭಾಗ ಮಾಡಿಬಿಡುತ್ತದೆ. ಕೇಬಲ್ ಜೋಡಿಸುವ ಮೊದಲೇ ಇದನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸವೆದ ರಿಂಗ್‌ಗಳಿಂದ ಕಂಪ್ರೆಷನ್ ಬಿದ್ದಿರುವುದು, ಗಾಳಿಯ ಫಿಲ್ಟರ್ ಮುಚ್ಚಿಹೋಗಿರುವುದು, ಚಳಿಯಲ್ಲಿ ಡೀಸೆಲಿನ ಮೇಣ ಗಟ್ಟಿಯಾಗಿ ಫಿಲ್ಟರನ್ನು ಕಟ್ಟಿರುವುದು, ಟ್ಯಾಂಕಿನಲ್ಲಿ ನೀರು ಸೇರಿರುವುದು, ಇವೆಲ್ಲ ಪರದೆಯ ಮೇಲೆ ನೇರವಾಗಿ ಕಾಣುವುದಿಲ್ಲ. ಸಿಲಿಂಡರಿನೊಳಗೆ ನೀರು ಅಥವಾ ಕೂಲಂಟ್ ತುಂಬಿ ಎಂಜಿನ್ ತಿರುಗದೆ ನಿಂತಿದ್ದರೆ ಸ್ಕ್ಯಾನರ್ ಆರ್‌ಪಿಎಂ ಸೊನ್ನೆ ಎನ್ನುತ್ತದೆಯೇ ಹೊರತು ಅಪಾಯವನ್ನು ಹೇಳುವುದಿಲ್ಲ. ಟಕ್ಕೆಂದು ನಿಂತ ಎಂಜಿನ್ನಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು; ಅಂಥ ಹೊತ್ತಿನಲ್ಲಿ ಮೊದಲು ಕೈಯಿಂದ ಎಂಜಿನ್ ತಿರುಗುತ್ತದೆಯೇ ಎಂದು ಪರೀಕ್ಷಿಸಬೇಕು. ಲೈವ್ ಡೇಟಾ ನೋಡುವ ಉತ್ಸಾಹದಲ್ಲಿ ಸೆಲ್ಫನ್ನು ಬಿಡದೆ ಹೊಡೆಯುವುದೂ ಸಲ್ಲದು. ಒಂದು ಸಲಕ್ಕೆ 30 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ 2 ನಿಮಿಷ ಬಿಡುವು ಕೊಡಬೇಕು. ಹೀಟರ್ ಇರುವ ಎಂಜಿನ್ನಿನ ಗಾಳಿ ದಾರಿಗೆ, ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆದರೆ ಅದು ಹೀಟರಿನಲ್ಲೇ ಹೊತ್ತಿಕೊಂಡು ಸಿಡಿಯಬಹುದು. ಅಂಕಿಗಳು ಕಣ್ಣೆದುರಿಗೆ ಇರುವಾಗ ಆ ಸಾಹಸದ ಅಗತ್ಯವೇ ಇಲ್ಲ.

ಪೂರ್ತಿ ಮೆಕ್ಯಾನಿಕಲ್ ಪಂಪಿರುವ ಹಳೆಯ ಟ್ರಕ್ಕಿನ ಮಾಲೀಕರಿಗೆ ಈ ಯಂತ್ರ ಯಾವ ಪ್ರಯೋಜನಕ್ಕೂ ಬಾರದು. ಅಲ್ಲಿ ಕೇಳಲು ಕಂಪ್ಯೂಟರ್ ಇಲ್ಲ. ಪಂಪಿನ ಮೇಲಿರುವ, ಎಂಜಿನ್ ನಿಲ್ಲಿಸುವ ಸೊಲೆನಾಯ್ಡಿಗೆ ಕರೆಂಟ್ ಬರುತ್ತಿದೆಯೇ, ಕೀಲಿ ತಿರುಗಿಸಿದಾಗ ಅದು ಎಳೆದುಕೊಳ್ಳುತ್ತಿದೆಯೇ ಎಂದು ನೋಡಲು ಒಂದು ಟೆಸ್ಟ್ ಲ್ಯಾಂಪ್ ಸಾಕು. ರೇಲ್ ಇಲ್ಲದ, ಪ್ರತಿ ಸಿಲಿಂಡರಿಗೂ ತಾನೇ ಒತ್ತಡ ಕಟ್ಟುವ ಯೂನಿಟ್ ಇಂಜೆಕ್ಟರ್ ಇರುವ ಎಂಜಿನ್ನುಗಳಲ್ಲಿ ಆರ್‌ಪಿಎಂ, ಕ್ರ್ಯಾಂಕ್–ಕ್ಯಾಮ್ ಹೊಂದಾಣಿಕೆ ಮತ್ತು ಫೀಡ್ ಒತ್ತಡದಂಥ ಅಂಕಿಗಳು ಮಾತ್ರ ಸಿಗುತ್ತವೆ. ಆಗಲೂ ಉಪಯೋಗವಿದೆ, ಆದರೆ ಮೇಲೆ ವಿವರಿಸಿದಷ್ಟು ಇಲ್ಲ.

ಟ್ರಕ್ ತಯಾರಿಸಿದ ಕಂಪನಿಯ ಸ್ವಂತ ಸಾಫ್ಟ್‌ವೇರ್‌ಗೆ ಹೋಲಿಸಿದರೆ ಈ ಸ್ಕ್ಯಾನರಿನಲ್ಲಿ ಇಲ್ಲದಿರುವುದು ಮುಖ್ಯವಾಗಿ ಆಜ್ಞೆ ಕೊಡುವ ಪರೀಕ್ಷೆಗಳು. ಎಲೆಕ್ಟ್ರಿಕ್ ಫೀಡ್ ಪಂಪನ್ನು ಸ್ಕ್ಯಾನರಿನಿಂದಲೇ ಓಡಿಸುವುದು, ಒಂದೊಂದೇ ಇಂಜೆಕ್ಟರಿಗೆ ಕರೆಂಟ್ ಕೊಟ್ಟು ಟಿಕ್ ಸದ್ದನ್ನು ಕೇಳುವುದು ಇವೆಲ್ಲ ಕೆಲವೇ ಎಂಜಿನ್ನುಗಳಲ್ಲಿ ಸಾಧ್ಯವಾಗುತ್ತವೆ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಎಂಜಿನ್ನನ್ನು ತಡೆದಿದ್ದರೆ ಅದನ್ನು ಈ ಯಂತ್ರ ತೋರಿಸಬಹುದು, ಸರಿಪಡಿಸಲಾರದು. ಕ್ರ್ಯಾಂಕ್–ಕ್ಯಾಮ್ ಹೊಂದಾಣಿಕೆಯ ಸ್ಥಿತಿಯಂಥ ಬಹುಮುಖ್ಯ ಸಾಲು ಸಹ ಎಲ್ಲ ಟ್ರಕ್ಕುಗಳಲ್ಲಿ ಸಿಗುವುದಿಲ್ಲ. ಹೊಸ ಮಾದರಿಗಳಿಗೆ ಬೇಕಾದ ಅಪ್‌ಡೇಟ್ ಮೊದಲ ಅವಧಿಯ ನಂತರ ಹಣ ಕೊಟ್ಟರೆ ಮಾತ್ರ ಬರುತ್ತದೆ. ಬಿಸಿಲಿನಲ್ಲಿ ಪರದೆ ಓದುವುದು ಕಷ್ಟ. ಕ್ಯಾಬಿನ್ನಿನ ನೆರಳಿನಲ್ಲಿ ಕುಳಿತೇ ನೋಡಬೇಕು.

ಒಂದೋ ಎರಡೋ ಹೊಸ ಟ್ರಕ್ಕುಗಳಿದ್ದು ದೂರದ ದಾರಿಯಲ್ಲಿ ಓಡಿಸುವ ಮಾಲೀಕರಿಗೂ, ಹಲವು ಕಂಪನಿಗಳ ಗಾಡಿಗಳು ಬರುವ ಸಣ್ಣ ಗ್ಯಾರೇಜಿಗೂ ನಾನು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಒಂದೇ ಕಂಪನಿಯ ಗಾಡಿಗಳನ್ನಷ್ಟೇ ನೋಡುವ ಗ್ಯಾರೇಜಿಗೆ ಆ ಕಂಪನಿಯ ಸಾಫ್ಟ್‌ವೇರೇ ಒಳ್ಳೆಯದು. ಕೊಳ್ಳುವ ಮೊದಲು ನಿಮ್ಮದೇ ಟ್ರಕ್ಕಿಗೆ ಜೋಡಿಸಿ, ಚೆನ್ನಾಗಿರುವ ಎಂಜಿನ್ ಸ್ಟಾರ್ಟ್ ಆಗುವಾಗ ಆರ್‌ಪಿಎಂ, ವೋಲ್ಟೇಜ್ ಮತ್ತು ರೇಲಿನ ಒತ್ತಡ ಮೂರೂ ಪರದೆಯಲ್ಲಿ ಕಾಣುತ್ತವೆಯೇ ಎಂದು ನೋಡಿ, ಆ ಅಂಕಿಗಳನ್ನು ಬರೆದು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಿ. ಮುಂದೊಮ್ಮೆ ಎಂಜಿನ್ ಹಿಡಿಯದಿದ್ದಾಗ ಹೋಲಿಸಲು ಕೈಪಿಡಿಯ ಅಂಕಿಗಿಂತ ನಿಮ್ಮ ಗಾಡಿಯ ಅಂಕಿಯೇ ಹೆಚ್ಚು ನೆರವಾಗುತ್ತದೆ.